ಪ್ರೋಬ್ ಯಾವ ಎಳೆಗೆ ಅಂಟಬೇಕು ಅನ್ನೋದನ್ನ ನಾನು ಕಲಿತ ಬಗೆ

ಡಿಎನ್‌ಎಯ ಎ, ಟಿ, ಜಿ, ಸಿ ಅನ್ನೋ ನಾಲ್ಕು ಬೇಸ್‌ಗಳಲ್ಲಿ (ಅಕ್ಷರಗಳಲ್ಲಿ) ಜಿ ಇದ್ದ ಜಾಗದಲ್ಲಿ ಎ ಬಂದಿರುವ ಒಂದು ಮ್ಯುಟೇಶನ್ನನ್ನು ರಿಯಲ್ ಟೈಮ್ ಪಿಸಿಆರ್‌ನಲ್ಲಿ, ಅಂದರೆ ಡಿಎನ್‌ಎ ಪ್ರತಿ ಸೈಕಲ್‌ಗೂ ನಕಲಾಗಿ ಹೆಚ್ಚುವುದನ್ನು ಹೊಳಪಿನಿಂದ ಅಳೆಯುವ ವಿಧಾನದಲ್ಲಿ, ಹಿಡಿಯಬೇಕಿತ್ತು. ಮ್ಯುಟೇಶನ್ ಇದ್ದರೆ ಮಾತ್ರ ಹೊಳೆಯುವ ಒಂದೇ ಒಂದು ಪ್ರೋಬ್ (ಗುರಿ ಜಾಗಕ್ಕೆ ಅಂಟುವ, ಬಣ್ಣ ಕಟ್ಟಿದ ಡಿಎನ್‌ಎ ತುಣುಕು) ಸಾಕು ಅಂದುಕೊಂಡು ಶುರು ಮಾಡಿದೆ. ಸಾಫ್ಟ್‌ವೇರ್ ಕೊಟ್ಟಿದ್ದು 26 ಬೇಸ್ ಉದ್ದದ ಪ್ರೋಬ್. ಅದರ ಟಿಎಂ (ಅಂಟಿದವುಗಳಲ್ಲಿ ಅರ್ಧದಷ್ಟು ಬಿಟ್ಟುಕೊಳ್ಳುವ ಉಷ್ಣಾಂಶ) 69 ಡಿಗ್ರಿ, ನಕಲು ಶುರು ಮಾಡಿಸುವ ಪ್ರೈಮರ್ ತುಣುಕುಗಳದ್ದು 60. ಪ್ರೋಬ್‌ನ ಟಿಎಂ ಪ್ರೈಮರ್‌ಗಿಂತ 8ರಿಂದ 10 ಡಿಗ್ರಿ ಜಾಸ್ತಿ ಇರಬೇಕು, ಯಾಕಂದ್ರೆ ನಕಲು ಮಾಡುವ ಟ್ಯಾಕ್ ಎಂಜೈಮ್ ಪ್ರೈಮರ್ ಕಡೆಯಿಂದ ಹೊರಟು ಬರುವ ಹೊತ್ತಿಗೆ ಪ್ರೋಬ್ ಆಗಲೇ ಕೂತಿರಬೇಕು, ಆಗ ತಾನೇ ಎಂಜೈಮ್ ಅದನ್ನು ಕತ್ತರಿಸಿ, ಫ್ಯಾಮ್ ಬಣ್ಣ ತನ್ನ ಹೊಳಪನ್ನು ನುಂಗುವ ಕ್ವೆಂಚರ್‌ನಿಂದ ಬೇರೆಯಾಗಿ ಹೊಳೆಯೋದು. ಲೆಕ್ಕದಲ್ಲಿ ಎಲ್ಲಾ ಸರಿ ಇತ್ತು. ಗೊತ್ತಿರುವ ಡಿಎನ್‌ಎ ಸರಣಿಗಳಲ್ಲಿ ಹೋಲಿಕೆ ಹುಡುಕುವ ಬ್ಲಾಸ್ಟ್‌ನಲ್ಲೂ ಬೇರೆ ಎಲ್ಲೂ ಅಂಟುವ ಹಾಗೆ ಕಾಣಲಿಲ್ಲ. ಆರ್ಡರ್ ಮಾಡಿಬಿಟ್ಟೆ.

ಮೊದಲ ಪ್ಲೇಟ್‌ನಲ್ಲಿ ಮ್ಯುಟೇಶನ್ ಇರುವ ಕಂಟ್ರೋಲ್‌ನ (ಉತ್ತರ ಮೊದಲೇ ಗೊತ್ತಿರುವ ಸ್ಯಾಂಪಲ್‌ನ) ಹೊಳಪಿನ ಗೆರೆ 24ನೇ ಸೈಕಲ್‌ಗೆ ಮೇಲೆದ್ದಿತು. ಮ್ಯುಟೇಶನ್ ಇಲ್ಲದ ಕಂಟ್ರೋಲ್ ನೆಲಕ್ಕೆ ಅಂಟಿಕೊಂಡು ಮಲಗಿರಬೇಕಿತ್ತು. ಆದರೆ ಅದೂ 28ಕ್ಕೆ ಎದ್ದು ನಿಂತಿತು, ಎತ್ತರ ಸ್ವಲ್ಪ ಕಮ್ಮಿ, ಆದರೆ ಗೆರೆ ಸ್ಪಷ್ಟ. ಡಿಎನ್‌ಎ ಹಾಕದ ಟ್ಯೂಬ್ ಮಾತ್ರ ಪೂರ್ತಿ ಚಪ್ಪಟೆ. ಅಂದರೆ ಇದು ಬೆರಕೆ ಅಲ್ಲ, ಪ್ರೋಬೇ ತಪ್ಪು ಜಾಗದಲ್ಲಿ ಕೂರುತ್ತಿದೆ. ಅನೀಲಿಂಗ್ (ಅಂಟುವ ಹಂತದ) ಉಷ್ಣಾಂಶವನ್ನು 60ರಿಂದ 62, ಆಮೇಲೆ 64ಕ್ಕೆ ಏರಿಸಿದೆ. ತಪ್ಪು ಗೆರೆ ಹಿಂದೆ ಸರಿಯಿತು ನಿಜ, ಅದರ ಜೊತೆಗೇ ಸರಿಯಾದ ಗೆರೆಯೂ ಸೊರಗಿತು. ಎರಡು ವಾರ ಹೀಗೇ ಹೋಯಿತು.

ಕೊನೆಗೆ ಕಂಪ್ಯೂಟರ್ ಪಕ್ಕಕ್ಕಿಟ್ಟು, ಕಾಗದದ ಮೇಲೆ ಎರಡೂ ಎಳೆಗಳನ್ನು ಒಂದರ ಕೆಳಗೊಂದು ಬರೆದೆ. ಆಗ ಕಣ್ಣಿಗೆ ಬಿತ್ತು. ಮ್ಯುಟೇಶನ್ ಜಾಗದಲ್ಲಿ ನನ್ನ ಪ್ರೋಬ್‌ನಲ್ಲಿರುವುದು ಟಿ. ಮ್ಯುಟೇಶನ್ ಇದ್ದರೆ ಅದರ ಎದುರಿಗೆ ಎ, ಸರಿಯಾದ ಜೋಡಿ. ಇಲ್ಲದಿದ್ದರೆ ಎದುರಿಗೆ ಜಿ. ಟಿ-ಜಿ ತಪ್ಪು ಜೋಡಿ ಹೌದು, ಆದರೆ ತಪ್ಪು ಜೋಡಿಗಳಲ್ಲೇ ಗಟ್ಟಿಯಾದವುಗಳಲ್ಲಿ ಅದೂ ಒಂದು. ಸ್ವಲ್ಪ ಸರಿದು ಕೂತು ಎರಡು ಹೈಡ್ರೋಜನ್ ಬಂಧ ಹಾಕಿಕೊಂಡುಬಿಡುತ್ತದೆ. ಅದೂ 26 ಬೇಸ್‌ಗಳ ನಡುವೆ ಇಂಥದ್ದೊಂದು ಸಡಿಲ ಇದ್ದರೆ ಉಳಿದ 25 ಸೇರಿ ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ನಾನು ಬಳಸಿದ ಸಾಫ್ಟ್‌ವೇರ್ ಸರಿಯಾದ ಜೋಡಿಯ ಟಿಎಂ ಮಾತ್ರ ತೋರಿಸಿತ್ತು. ನನಗೆ ಬೇಕಿದ್ದದ್ದು ತಪ್ಪು ಜೋಡಿಯ ಟಿಎಂ ಎಷ್ಟು ಕೆಳಗಿದೆ ಅನ್ನೋದು, ಅಲ್ವಾ? ಅದನ್ನು ನಾನು ನೋಡಿಯೇ ಇರಲಿಲ್ಲ.

ದಾರಿ ಅದೇ ಕಾಗದದಲ್ಲಿತ್ತು. ಇನ್ನೊಂದು ಎಳೆಗೆ ಅಂಟುವ ಹಾಗೆ ಪ್ರೋಬ್ ಮಾಡಿದರೆ ಆ ಜಾಗದಲ್ಲಿ ಎ ಬರುತ್ತದೆ, ಮ್ಯುಟೇಶನ್ ಇಲ್ಲದ ಡಿಎನ್‌ಎಯಲ್ಲಿ ಅದರ ಎದುರಿಗೆ ಸಿ. ಎ-ಸಿ ಜೋಡಿ ಟಿ-ಜಿಗಿಂತ ತುಂಬಾ ಸಡಿಲ. ಅದೇ ಮ್ಯುಟೇಶನ್, ಅದೇ ಜಾಗ, ಎಳೆ ಮಾತ್ರ ಬೇರೆ. ಇನ್ನೊಂದು ಲಾಭವೂ ಆಯಿತು. ಮೊದಲ ಪ್ರೋಬ್‌ನಲ್ಲಿ ಸಿಗಿಂತ ಜಿ ಜಾಸ್ತಿ ಇತ್ತು, ಈ ಕಡೆ ಅದು ತಿರುಗುಮುರುಗಾಯಿತು. ಪ್ರೋಬ್‌ನ ಶುರುವಿನ, ಫ್ಯಾಮ್ ಇರುವ 5 ಪ್ರೈಮ್ ತುದಿಯಲ್ಲಿ ಜಿ ಇರಲೇಬಾರದು, ಕತ್ತರಿಸಿದ ಮೇಲೂ ಅದು ಹೊಳಪನ್ನು ನುಂಗುತ್ತದೆ.

ಉದ್ದವನ್ನೂ 17ಕ್ಕೆ ಇಳಿಸಿದೆ, ಮ್ಯುಟೇಶನ್ ಜಾಗ ನಟ್ಟನಡುವೆ 9ನೇ ಬೇಸ್ ಆಗುವ ಹಾಗೆ. ಪ್ರೋಬ್ ಗಿಡ್ಡ ಆದಷ್ಟೂ ಒಂದು ತಪ್ಪಿನ ಪೆಟ್ಟು ಜೋರಾಗಿ ಬೀಳುತ್ತದೆ. ಆದರೆ ಸುಮ್ನೆ ಕತ್ತರಿಸಿದರೆ ಟಿಎಂ ಕುಸಿಯುತ್ತದೆ, ಅದಕ್ಕೆ ಮ್ಯುಟೇಶನ್ ಜಾಗ ಮತ್ತು ಅದರ ಎಡಬಲದಲ್ಲಿ ಹೆಚ್ಚು ಬಿಗಿಯಾಗಿ ಅಂಟುವ ಹಾಗೆ ಮಾರ್ಪಡಿಸಿದ ಎಲ್‌ಎನ್‌ಎ ಬೇಸ್‌ಗಳನ್ನು ಹಾಕಿಸಿದೆ, ಸಾಲದ್ದಕ್ಕೆ ಬೇರೆ ಕಡೆ ಇನ್ನೆರಡು. ಗಿಡ್ಡ ಪ್ರೋಬ್ ಹೊಸದೇನಲ್ಲ, ಕುಡುಗೋಲು ಕಣ ರಕ್ತಹೀನತೆಯ ಮ್ಯುಟೇಶನ್ನನ್ನು 1983ರಲ್ಲೇ 19 ಬೇಸ್‌ನ ಪ್ರೋಬ್‌ಗಳಿಂದ ಗುರುತಿಸಿದ್ದರು. ಅಲ್ಲಿ ಬದಲಾವಣೆ ಎಯಿಂದ ಟಿಗೆ, ಹಾಗಾಗಿ ತಪ್ಪು ಜೋಡಿ ಎ-ಎ ಅಥವಾ ಟಿ-ಟಿ ಆಗುತ್ತದೆ, ಟಿ-ಜಿಯ ಕಾಟವೇ ಇಲ್ಲ.

ಹೊಸ ಪ್ರೋಬ್ ಬಂದಾಗ ಟ್ಯೂಬ್ ತೆರೆಯುವ ಮುಂಚೆ ಸೆಂಟ್ರಿಫ್ಯೂಜ್‌ನಲ್ಲಿ ಒಂದು ಸುತ್ತು ಹಾಕಿದೆ. ಒಣಗಿದ ಹಳದಿ ಪದರ ಎಷ್ಟೋ ಸಲ ಮುಚ್ಚಳಕ್ಕೆ ಅಂಟಿರುತ್ತದೆ, ಹಾಗೇ ತೆಗೆದರೆ ಹಾರಿಹೋಗುತ್ತದೆ. ಟ್ಯೂಬ್ ಮೇಲೆ ಬರೆದ ನ್ಯಾನೋಮೋಲ್ ಸಂಖ್ಯೆಯನ್ನು 10ರಿಂದ ಗುಣಿಸಿ ಅಷ್ಟು ಮೈಕ್ರೋಲೀಟರ್ ಟಿಇ ಬಫರ್ ಹಾಕಿದರೆ 100 ಮೈಕ್ರೋಮೋಲಾರ್ ಸ್ಟಾಕ್ ಸಿದ್ಧ. ಅದನ್ನು ಚಿಕ್ಕ ಚಿಕ್ಕ ಟ್ಯೂಬ್‌ಗಳಿಗೆ ಹಂಚಿ, ಫಾಯಿಲ್ ಸುತ್ತಿ ಫ್ರೀಜರ್‌ಗೆ ಇಟ್ಟೆ. ರಿಯಾಕ್ಷನ್‌ನಲ್ಲಿ 0.2 ಮೈಕ್ರೋಮೋಲಾರ್.

ಈ ಸಲ 60 ಡಿಗ್ರಿಯಲ್ಲೇ ಮ್ಯುಟೇಶನ್ ಇಲ್ಲದ ಕಂಟ್ರೋಲ್ 40 ಸೈಕಲ್ ಮುಗಿಯುವವರೆಗೂ ಮೇಲೇಳಲಿಲ್ಲ. ಆ ಚಪ್ಪಟೆ ಗೆರೆ ನೋಡಿ ಆದ ಖುಷಿ ಇನ್ನೂ ನೆನಪಿದೆ.

ಆದರೆ ಒಂದು ಪ್ರೋಬ್ ಸಾಕು ಅಂದುಕೊಂಡಿದ್ದು ತಪ್ಪಾಗಿತ್ತು. ಮ್ಯುಟೇಶನ್ ಇದೆ ಅಂತ ಮೊದಲೇ ಗೊತ್ತಿದ್ದ ಒಂದು ಸ್ಯಾಂಪಲ್ ಹೊಳೆಯಲೇ ಇಲ್ಲ. ಸೀಕ್ವೆನ್ಸಿಂಗ್ (ಬೇಸ್‌ಗಳನ್ನು ಒಂದೊಂದಾಗಿ ಓದಿಸುವುದು) ಮಾಡಿಸಿದರೆ, ಮ್ಯುಟೇಶನ್‌ನಿಂದ ನಾಲ್ಕು ಬೇಸ್ ಆಚೆ, ಪ್ರೋಬ್ ಕೂರುವ ಜಾಗದಲ್ಲೇ ಇನ್ನೊಂದು ವ್ಯತ್ಯಾಸ ಇತ್ತು. ಗೊತ್ತಿರುವ ಡಿಎನ್‌ಎ ವ್ಯತ್ಯಾಸಗಳ ಪಟ್ಟಿಯಾದ ಡಿಬಿಎಸ್‌ಎನ್‌ಪಿಯಲ್ಲಿ ಹುಡುಕಿದರೆ ಅದು ಅಲ್ಲೇ ಇದೆ, ಡಿಸೈನ್ ಮಾಡುವಾಗಲೇ ನೋಡಬೇಕಿತ್ತು. ಪ್ರೋಬ್ ಹೊಳೆಯದಿದ್ದರೆ ಮ್ಯುಟೇಶನ್ ಇಲ್ಲ ಅಂತ ಬರೆಯುವುದು ಎಷ್ಟು ಅಪಾಯ ಅಂತ ಆಗ ಗೊತ್ತಾಯಿತು. ಅಲ್ಲಿಂದ ಮ್ಯುಟೇಶನ್ ಇಲ್ಲದ ಡಿಎನ್‌ಎಗೆ ಅಂಟುವ ಎರಡನೇ ಪ್ರೋಬನ್ನು ಹೆಕ್ಸ್ ಬಣ್ಣ ಕೊಟ್ಟು ಅದೇ ಟ್ಯೂಬ್‌ಗೆ ಹಾಕುತ್ತೇನೆ. ಅದನ್ನೂ ಅದೇ ಎಳೆಗೆ ಮಾಡಬೇಕು, ಎದುರು ಎಳೆಗೆ ಮಾಡಿದರೆ ಎರಡು ಪ್ರೋಬ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಾಗೆ ಮಾಡಿದಾಗ ಟಿ-ಜಿ ಕಾಟ ಈ ಎರಡನೆಯದಕ್ಕೆ ಬರುತ್ತದೆ ನಿಜ, ಆದರೆ ಪಕ್ಕದಲ್ಲೇ ಸರಿಯಾದ ಪ್ರೋಬ್ ಇರುವುದರಿಂದ ಪೈಪೋಟಿಯಲ್ಲಿ ಸರಿಯಾದದ್ದೇ ಜಾಗ ಹಿಡಿಯುತ್ತದೆ, ತಪ್ಪು ಗೆರೆ ತುಂಬಾ ಕೆಳಗೇ ಉಳಿಯುತ್ತದೆ. ಎರಡೂ ಬಣ್ಣ ಹೊಳೆಯದ ಸ್ಯಾಂಪಲ್‌ಗೆ ನಾನು ಯಾವ ಉತ್ತರವನ್ನೂ ಬರೆಯುವುದಿಲ್ಲ, ನೇರವಾಗಿ ಸೀಕ್ವೆನ್ಸಿಂಗ್‌ಗೆ ಕಳಿಸುತ್ತೇನೆ.