ಬೆಂಗಳೂರಿನ ಕೈತೋಟದಲ್ಲಿ ತುಂಬೆ: ಗುರುತಿಸುವ ಮತ್ತು ಬೆಳೆಸುವ ಬಗೆ

ಮಳೆಗಾಲದಲ್ಲಿ ಕಳೆ ಕೀಳಲು ಕುಳಿತವರು ಮೊದಲು ಕಿತ್ತೆಸೆಯುವ ಗಿಡಗಳಲ್ಲಿ ತುಂಬೆಯೂ ಒಂದು. ಶಿವರಾತ್ರಿ ಬಂದಾಗ ಅದೇ ಮನೆಯವರು ಒಂದು ಹಿಡಿ ತುಂಬೆ ಹೂವಿಗಾಗಿ ಬೀದಿ ಬೀದಿ ಹುಡುಕುತ್ತಾರೆ. ಬೆಂಗಳೂರಿನ ಖಾಲಿ ಸೈಟುಗಳಲ್ಲಿ, ಕೆರೆಯ ಏರಿಗಳ ಮೇಲೆ ತಾನಾಗಿಯೇ ಬೆಳೆಯುತ್ತಿದ್ದ ಈ ಗಿಡಕ್ಕೆ ಸೈಟಿನಲ್ಲಿ ಮನೆ ಎದ್ದ ಮೇಲೆ, ಅಂಗಳಕ್ಕೆ ಸಿಮೆಂಟು ಬಿದ್ದ ಮೇಲೆ ನೆಲೆಯಿಲ್ಲದಂತಾಗುತ್ತದೆ. ಆದ್ದರಿಂದ ಮನೆಯ ಮುಂದೆ ಎರಡಡಿ ಮಣ್ಣಿದ್ದರೂ ಅದರಲ್ಲಿ ತುಂಬೆಗೆ ಒಂದಿಷ್ಟು ಜಾಗ ಬಿಡಬೇಕೆಂಬುದು ನನ್ನ ಕಳಕಳಿ.

ತುಂಬೆ ತುಳಸಿಯ ಕುಟುಂಬಕ್ಕೆ ಸೇರಿದ ಸಸ್ಯ. ಇದರ ಶಾಸ್ತ್ರೀಯ ಹೆಸರು ಲ್ಯೂಕಾಸ್ ಆಸ್ಪೆರಾ. ಮೊದಲ ಪದಕ್ಕೆ ಗ್ರೀಕಿನ ಬಿಳುಪು ಮೂಲವಾದರೆ, ಎರಡನೆಯದಕ್ಕೆ ಲ್ಯಾಟಿನ್ನಿನಲ್ಲಿ ಒರಟು ಎಂದರ್ಥ. ಎರಡೂ ಗುಣಗಳನ್ನು ಗಿಡದಲ್ಲಿಯೇ ಕಾಣಬಹುದು. ಸಾಮಾನ್ಯವಾಗಿ ಒಂದರಿಂದ ಎರಡು ಅಡಿ ಎತ್ತರ ಬೆಳೆಯುವ ಇದರ ಕಾಂಡವನ್ನು ಎರಡು ಬೆರಳ ನಡುವೆ ಹಿಡಿದು ಹೊರಳಿಸಿದರೆ ನಾಲ್ಕು ಮೂಲೆಗಳು ಒತ್ತುತ್ತವೆ, ಸಣ್ಣ ರೋಮಗಳು ತರಿತರಿಯಾಗಿ ತಾಗುತ್ತವೆ. ಎಲೆಗಳು ಉದ್ದವಾಗಿ ಕಿರಿದಾಗಿದ್ದು, ಅಂಚಿನಲ್ಲಿ ಮೊಂಡು ಹಲ್ಲುಗಳಿರುತ್ತವೆ. ಅವು ಜೋಡಿಜೋಡಿಯಾಗಿ ಎದುರುಬದುರು ಮೂಡುತ್ತವೆ, ಒಂದು ಜೋಡಿ ಪೂರ್ವ-ಪಶ್ಚಿಮಕ್ಕೆ ಚಾಚಿದರೆ ಅದರ ಮೇಲಿನದು ಉತ್ತರ-ದಕ್ಷಿಣಕ್ಕೆ ಚಾಚುತ್ತದೆ.

ಹೂವನ್ನು ಮಾತ್ರ ಹತ್ತಿರದಿಂದಲೇ ನೋಡಬೇಕು. ಗಿಣ್ಣುಗಳ ಸುತ್ತಲೂ ತುದಿಯಲ್ಲಿಯೂ ಹಸಿರು ಬಟ್ಟಲುಗಳು ಚೆಂಡಿನಂತೆ ಒತ್ತಾಗಿ ಕೂಡಿಕೊಂಡಿರುತ್ತವೆ, ಪ್ರತಿ ಬಟ್ಟಲಿನ ಓರೆಯಾದ ಬಾಯಂಚಿನಲ್ಲಿ ಚೂಪಾದ ಹಲ್ಲುಗಳಿರುತ್ತವೆ, ಅದರೊಳಗಿನಿಂದ ಅಚ್ಚ ಬಿಳಿಯ ಹೂವು ಹೊರಚಾಚಿರುತ್ತದೆ. ಹೂವಿಗೆ ಎರಡು ತುಟಿಗಳು: ಮೇಲಿನದು ಕುಲಾವಿಯಂತೆ ಬಾಗಿ ಬಿಳಿ ತುಪ್ಪುಳ ಹೊದ್ದಿದ್ದರೆ, ಕೆಳಗಿನದು ಅಗಲವಾಗಿ ಮೂರು ಸೀಳಾಗಿ ಇಳಿಬಿದ್ದಿರುತ್ತದೆ. ಹೂವನ್ನು ಮೆಲ್ಲಗೆ ಎಳೆದು ಬುಡವನ್ನು ನಾಲಗೆಗೆ ತಾಗಿಸಿದರೆ ಸಿಹಿ ಹನಿ ಸಿಗುತ್ತದೆ. ಹಳ್ಳಿಯಲ್ಲಿ ಬೆಳೆದವರಿಗೆ ಇದೊಂದೇ ಗುರುತು ಸಾಕು.

ನಗರದ ಹುಲ್ಲುಹಾಸುಗಳಲ್ಲಿ ಇನ್ನೊಂದು ಕಳೆ ಇದೇ ರೀತಿ ಗಿಣ್ಣಿನ ಸುತ್ತ ಪುಟ್ಟ ಬಿಳಿ ಹೂಗಳನ್ನು ಬಿಡುತ್ತದೆ, ಅದರ ಕಾಂಡವೂ ಚೌಕವಾಗಿರುವುದರಿಂದ ಮೋಸಹೋಗುವುದು ಸುಲಭ. ಅದರ ಹೂವಿಗೆ ತುಟಿಗಳಿಲ್ಲ, ನಕ್ಷತ್ರದಂತೆ ಸಮನಾದ ನಾಲ್ಕು ಎಸಳುಗಳಿವೆ. ಎಲೆಯ ಅಂಚಿನಲ್ಲಿ ಹಲ್ಲುಗಳಿಲ್ಲ, ಎಲೆಗಳು ಕೂಡುವಲ್ಲಿ ಸೂಜಿಯಂಥ ಕೂದಲುಗಳಿವೆ.

ಬೀಜಕ್ಕಾಗಿ ಮಳೆಗಾಲ ಮುಗಿದ ಮೇಲೆ, ಗೊಂಚಲುಗಳು ಕಂದು ಬಣ್ಣಕ್ಕೆ ತಿರುಗಿದ ಗಿಡಗಳನ್ನು ಹುಡುಕಬೇಕು. ಕಳೆನಾಶಕ ಸಿಂಪಡಿಸಿದ ಜಾಗವನ್ನೂ ಚರಂಡಿಯ ಅಂಚನ್ನೂ ಬಿಡುವುದು ಒಳ್ಳೆಯದು. ಒಣಗಿದ ಗೊಂಚಲನ್ನು ಕಾಗದದ ಲಕೋಟೆಯೊಳಗೆ ತಲೆಕೆಳಗಾಗಿ ಹಿಡಿದು ತಟ್ಟಿದರೆ ಎರಡು-ಮೂರು ಮಿಲಿಮೀಟರ್ ಉದ್ದದ ನುಣುಪಾದ ಕಂದು ಬೀಜಗಳು ಉದುರುತ್ತವೆ. ಒಂದು ಬಟ್ಟಲಿನಲ್ಲಿ ಹೆಚ್ಚೆಂದರೆ ನಾಲ್ಕು ಬೀಜ. ನೆರಳಿನಲ್ಲಿ ಒಣಗಿಸಿ, ಲಕೋಟೆಯ ಮೇಲೆ ತಿಂಗಳು ಬರೆದಿಟ್ಟು, ಮೇ ಕೊನೆಯವರೆಗೆ ಕಾಯಬೇಕು.

ಮೊದಲ ಸಲ ನಾನು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಗುಲಾಬಿಗೆ ಹಾಕುವಷ್ಟೇ ಕೊಟ್ಟಿಗೆ ಗೊಬ್ಬರ ಹಾಕಿ, ಬೀಜವನ್ನು ಒಂದಂಗುಲ ಆಳಕ್ಕೆ ಒತ್ತಿದ್ದೆ. ಮೊಳೆತದ್ದು ಎರಡೇ ಗಿಡ, ಅವೂ ಸೊಪ್ಪಾಗಿ ಬೆಳೆದು ಹೂವಿಗೆ ಬಹಳ ತಡಮಾಡಿದವು. ಇಷ್ಟು ಸಣ್ಣ ಬೀಜಕ್ಕೆ ಆಳದಿಂದ ಮೇಲೇಳುವ ಕಸುವಿರುವುದಿಲ್ಲ. ಈಗ ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಅರ್ಧ ಪಾಲು ಎಲೆಗೊಬ್ಬರ ಬೆರೆಸಿ, ಬೀಜವನ್ನು ಮೇಲ್ಮೈಯಲ್ಲೇ ಚೆಲ್ಲಿ, ಕಾಣದಷ್ಟು ಮಾತ್ರ ಮರಳು ಉದುರಿಸಿ, ಹನಿಹನಿಯಾಗಿ ನೀರು ಚಿಮುಕಿಸುತ್ತೇನೆ. ಎಲ್ಲ ಬೀಜಗಳೂ ಒಟ್ಟಿಗೆ ಮೊಳೆಯುವುದಿಲ್ಲವಾದ್ದರಿಂದ ಅವಸರದಿಂದ ಮಣ್ಣು ಕೆದಕಬಾರದು. ಆರು ಎಲೆ ಮೂಡಿದ ಸಸಿಗಳನ್ನು ಸಂಜೆಯ ಹೊತ್ತು ಬೇರಿನ ಮಣ್ಣಿನೊಂದಿಗೆ ಎತ್ತಿ ಒಂದು ಗೇಣು ಅಂತರದಲ್ಲಿ ನೆಡಬೇಕು. ಕುಂಡವಾದರೆ ಹತ್ತು ಅಂಗುಲದ್ದರಲ್ಲಿ ಎರಡು ಗಿಡ ಸಾಕು.

ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ ಜಾಗ ಬೇಕು. ನೀರು ನಿಂತರೆ ಬೇರು ಕೊಳೆಯುತ್ತದೆ. ಬೆಂಗಳೂರಿನಲ್ಲಿ ಸೆಪ್ಟೆಂಬರ್ ಮತ್ತು ಅಕ್ಟೋಬರ್ ಮಳೆ ಜೋರಾಗಿರುವುದರಿಂದ ಕುಂಡದ ತೂತು ಕಟ್ಟಿಕೊಂಡಿದೆಯೇ ಎಂದು ಆ ತಿಂಗಳುಗಳಲ್ಲಿ ಆಗಾಗ ನೋಡಬೇಕು. ಗಿಡ ಗೇಣುದ್ದವಾದಾಗ ತುದಿ ಚಿವುಟಿದರೆ ಕವಲೊಡೆದು ಗೊಂಚಲುಗಳು ಹೆಚ್ಚುತ್ತವೆ. ಹೂ ಬಿಟ್ಟ ಮೇಲೆ ಜೇನುನೊಣಗಳೂ ಸಣ್ಣ ಚಿಟ್ಟೆಗಳೂ ಬಂದೇ ಬರುತ್ತವೆ. ಕೆಳತುಟಿಯ ಮೇಲೆ ಇಳಿದ ಜೇನುನೊಣ ಒಳಗೆ ತಲೆ ತೂರಿಸುವಾಗ ಕುಲಾವಿಯಡಿಯ ಪರಾಗ ಅದರ ಮೈಗೆ ಸವರುವುದನ್ನು ಬೆಳಗಿನ ಬಿಸಿಲಿನಲ್ಲಿ ಕುಳಿತು ನೋಡಬಹುದು. ಈ ಕಾರಣಕ್ಕಾಗಿಯೇ ಹೂವಿನ ದಿನಗಳಲ್ಲಿ ಯಾವ ಕೀಟನಾಶಕವನ್ನೂ ಹೊಡೆಯಬೇಡಿ.

ತುಂಬೆ ಒಂದೇ ವರ್ಷದ ಗಿಡ, ಬೀಜ ಬಲಿತ ಮೇಲೆ ಒಣಗುವುದು ಸಹಜ. ಪೂಜೆಗೆ ಬಿಡಿಸುವಾಗ ಪ್ರತಿ ಗಿಡದಲ್ಲೂ ಕೆಲವು ಗೊಂಚಲುಗಳನ್ನು ಮುಟ್ಟದೆ ಬಿಟ್ಟರೆ ಬೀಜ ಅಲ್ಲಿಯೇ ಉದುರಿ, ಮುಂದಿನ ಮುಂಗಾರಿಗೆ ಸಸಿಗಳು ತಾವೇ ಏಳುತ್ತವೆ. ಆ ಜಾಗದ ನಾಲ್ಕು ಮೂಲೆಗೂ ಕಡ್ಡಿ ಚುಚ್ಚಿಟ್ಟು, ಕಳೆ ಕೀಳಲು ಬರುವವರಿಗೆ ಮುಂಚಿತವಾಗಿಯೇ ತೋರಿಸಿ ಹೇಳಿಡಿ.