ಅಂಬ್ರೆಲ್ಲಾ ಇನ್ಶೂರೆನ್ಸ್ ಬೇಕೋ ಬೇಡವೋ? ಹೀಗೆ ಲೆಕ್ಕ ಹಾಕಿ

ಅಮೆರಿಕದಲ್ಲಿ ಕಾರಿಗೆ, ಮನೆಗೆ ವಿಮೆ ಮಾಡಿಸಿ ಕೆಲವು ವರ್ಷ ಆದ ಮೇಲೆ ಏಜೆಂಟ್ ಕೇಳುವ ಪ್ರಶ್ನೆ ಇದು: ‘ಜೊತೆಗೆ ಒಂದು ಅಂಬ್ರೆಲ್ಲಾ ಪಾಲಿಸಿ ಹಾಕಿಬಿಡೋಣವಾ?’ ಕೆಲವರು ಇದೂ ಒಂದು ಮಾರಾಟದ ಮಾತು ಎಂದು ತಳ್ಳಿಹಾಕುತ್ತಾರೆ. ಕೆಲವರು ಹೆದರಿ ತಕ್ಷಣ ಹೂಂ ಅನ್ನುತ್ತಾರೆ. ಎರಡೂ ಬೇಡ. ಕಾಗದ ಪೆನ್ನು ಹಿಡಿದು ಅರ್ಧ ಗಂಟೆ ಕೂತರೆ ಉತ್ತರ ನಿಮಗೇ ಸಿಗುತ್ತದೆ.

ನಿಮ್ಮ ತಪ್ಪಿನಿಂದ ಬೇರೆಯವರಿಗೆ ಪೆಟ್ಟಾದರೆ, ಅವರ ಆಸ್ತಿ ಹಾಳಾದರೆ ಕಾರಿನ ಅಥವಾ ಮನೆಯ ಪಾಲಿಸಿ ಒಂದು ಮಿತಿಯವರೆಗೆ ದುಡ್ಡು ಕೊಡುತ್ತದೆ. ಆ ಮಿತಿ ಮುಗಿದ ಮೇಲೆ ಅಂಬ್ರೆಲ್ಲಾ ಕೆಲಸ ಶುರು. ಸಾಮಾನ್ಯವಾಗಿ ಇದು 10 ಲಕ್ಷ ಡಾಲರ್‌ನಿಂದ, ಅಂದರೆ ಒಂದು ಮಿಲಿಯನ್‌ನಿಂದ ಆರಂಭ. ನಿಮ್ಮದೇ ಗಾಯಕ್ಕೆ, ನಿಮ್ಮದೇ ಕಾರಿಗೆ ಸಾಮಾನ್ಯವಾಗಿ ಇದರಿಂದ ಬಿಡಿಗಾಸೂ ಬರುವುದಿಲ್ಲ.

ಮೊದಲು ಈಗಿರುವ ಪಾಲಿಸಿ ತೆಗೆಯಿರಿ

ಕಾರಿನ ಪಾಲಿಸಿಯ ಡಿಕ್ಲರೇಷನ್ ಪೇಜ್, ಅಂದರೆ ಪಾಲಿಸಿಯ ಸಾರಾಂಶದ ಪುಟ ನೋಡಿ. ಅಲ್ಲಿರುವ ಲಯಬಿಲಿಟಿ ಮಿತಿಯನ್ನು (ಬೇರೆಯವರಿಗಾದ ನಷ್ಟಕ್ಕೆ ಕಂಪನಿ ಕೊಡುವ ಗರಿಷ್ಠ ಹಣ) ಸಾಮಾನ್ಯವಾಗಿ 100/300/50 ಎಂಬಂತೆ ಹೇಳುತ್ತಾರೆ. ಒಬ್ಬ ಗಾಯಾಳುವಿಗೆ ಹೆಚ್ಚೆಂದರೆ 1 ಲಕ್ಷ ಡಾಲರ್, ಆ ಅಪಘಾತದ ಎಲ್ಲ ಗಾಯಾಳುಗಳಿಗೂ ಸೇರಿ 3 ಲಕ್ಷ, ಹಾಳಾದ ವಸ್ತುಗಳಿಗೆ 50 ಸಾವಿರ ಎಂದು ಅರ್ಥ. ಕಾನೂನು ಕೇಳುವ ಕನಿಷ್ಠ ಮಿತಿ ಇನ್ನೂ ಕಡಿಮೆ. ಕ್ಯಾಲಿಫೋರ್ನಿಯಾದಲ್ಲಿ 2024ರ ಕೊನೆಯವರೆಗೂ 15/30/5 ಇತ್ತು, 2025ರ ಜನವರಿಯಿಂದ 30/60/15 ಆಗಿದೆ. ಅಲ್ಲಿನ ಆಸ್ಪತ್ರೆ ಬಿಲ್ ಒಮ್ಮೆ ನೋಡಿದವರಿಗೆ 30 ಸಾವಿರ ಎಷ್ಟು ದಿನಕ್ಕೆ ಸಾಕಾಗುತ್ತದೆ ಅಂತ ಬೇರೆ ಹೇಳಬೇಕಿಲ್ಲ.

ಒಂದು ಅಪಘಾತವನ್ನು ಲೆಕ್ಕಕ್ಕೆ ಇಳಿಸಿ

ಸಿಗ್ನಲ್‌ನಲ್ಲಿ ಎಡಕ್ಕೆ ತಿರುಗುವಾಗ ಎದುರಿನಿಂದ ಬಂದ ಬೈಕ್ ನಿಮಗೆ ಕಾಣಲಿಲ್ಲ ಅಂದುಕೊಳ್ಳಿ. ಸವಾರನ ಕಾಲು ಮುರಿಯಿತು, ಎರಡು ಸರ್ಜರಿ ಆಯಿತು, ಒಂದು ವರ್ಷ ಕೆಲಸವಿಲ್ಲ. ಕೋರ್ಟ್ ನೀವು 7 ಲಕ್ಷ ಡಾಲರ್ ಕೊಡಬೇಕು ಎಂದಿತು. 100/300/50 ಪಾಲಿಸಿ ಇದ್ದರೆ ಅವನೊಬ್ಬನಿಗೆ 1 ಲಕ್ಷ ಸಂದಾಯವಾಗುತ್ತದೆ. ಉಳಿದ 6 ಲಕ್ಷ ನಿಮ್ಮ ತಲೆಯ ಮೇಲೆ.

ಅಂಬ್ರೆಲ್ಲಾ ಇದ್ದರೆ? ಇಲ್ಲೊಂದು ಷರತ್ತಿದೆ, ತುಂಬಾ ಜನ ಎಡವುವುದು ಇಲ್ಲೇ. ಅಂಬ್ರೆಲ್ಲಾ ಕೊಡುವ ಕಂಪನಿ ಅದರ ಕೆಳಗಿನ ಪಾಲಿಸಿಗಳ, ಅಂದರೆ ನಿಮ್ಮ ಕಾರು, ಮನೆ ಪಾಲಿಸಿಗಳ ಮಿತಿ ಇಷ್ಟಿರಲೇಬೇಕು ಎನ್ನುತ್ತದೆ. ಸಾಮಾನ್ಯವಾಗಿ ಕಾರಿಗೆ 250/500, ಮನೆಗೆ 3 ಲಕ್ಷ. ಹಾಗಿದ್ದರೆ ಕಾರಿನ ಪಾಲಿಸಿ ಎರಡೂವರೆ ಲಕ್ಷ ಕೊಡುತ್ತದೆ, ಅಂಬ್ರೆಲ್ಲಾ ನಾಲ್ಕೂವರೆ ಲಕ್ಷ ಕೊಡುತ್ತದೆ, ನಿಮ್ಮ ಕೈಯಿಂದ ಏನೂ ಹೋಗುವುದಿಲ್ಲ. ಆದರೆ ರಿನ್ಯೂವಲ್ ಸಮಯದಲ್ಲಿ ನಾಲ್ಕು ಕಾಸು ಉಳಿಸಲು ಕಾರಿನ ಮಿತಿಯನ್ನು ಮತ್ತೆ 1 ಲಕ್ಷಕ್ಕೆ ಇಳಿಸಿದ್ದರೆ? ಅಂಬ್ರೆಲ್ಲಾ ಆಗಲೂ ಎರಡೂವರೆ ಲಕ್ಷ ದಾಟಿದ ಮೇಲೇ ಶುರುವಾಗುತ್ತದೆ. ನಡುವಿನ ಒಂದೂವರೆ ಲಕ್ಷ ನೀವೇ ತುಂಬಬೇಕು.

ವಕೀಲರ ಖರ್ಚನ್ನೂ ಕೇಳಿಕೊಳ್ಳಿ. ಎಷ್ಟೋ ಪಾಲಿಸಿಗಳಲ್ಲಿ ಅದನ್ನು ಈ 10 ಲಕ್ಷದಿಂದ ಕಳೆಯುವುದಿಲ್ಲ, ಕಂಪನಿ ಬೇರೆಯಾಗಿ ಭರಿಸುತ್ತದೆ. ನನ್ನ ಮಟ್ಟಿಗೆ ಇದೇ ದೊಡ್ಡ ಲಾಭ.

ನಿಮ್ಮಿಂದ ಏನನ್ನು ವಸೂಲಿ ಮಾಡಬಹುದು?

ಉಳಿತಾಯ, ಷೇರು, ಮನೆಯಲ್ಲಿ ಸಾಲ ಕಳೆದು ಉಳಿದ ನಿಮ್ಮ ಪಾಲು, ಇಷ್ಟನ್ನೂ ಕೂಡಿಸಿ. ಕೆಲಸದ ಕಂಪನಿಯ ಮೂಲಕ ನಿವೃತ್ತಿಗೆ ಕೂಡಿಡುವ 401ಕೆ ಖಾತೆಗೆ ಕೇಂದ್ರ ಸರ್ಕಾರದ ಕಾನೂನಿನ ರಕ್ಷಣೆ ಇರುವುದರಿಂದ ಅದನ್ನು ಬಿಡಬಹುದು. ನೀವೇ ತೆರೆಯುವ ನಿವೃತ್ತಿ ಖಾತೆಯಾದ ಐಆರ್‌ಎ ವಿಷಯ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಟೆಕ್ಸಸ್, ಫ್ಲೋರಿಡಾಗಳಲ್ಲಿ ವಾಸದ ಮನೆಗೆ ಬಲವಾದ ರಕ್ಷಣೆ ಇದೆ.

‘ನನ್ನ ಹತ್ತಿರ ಕಿತ್ತುಕೊಳ್ಳೋಕೆ ಏನಿದೆ?’ ಅನ್ನುವ ಹೊಸ ಸಾಫ್ಟ್‌ವೇರ್ ಎಂಜಿನಿಯರ್‌ಗಳು ತಮ್ಮ ಸಂಬಳವನ್ನು ಮರೆಯುತ್ತಾರೆ. ಕೋರ್ಟ್ ತೀರ್ಪಿನ ಬಾಕಿಗಾಗಿ, ತೆರಿಗೆ ಮುಂತಾದವು ಹೋಗಿ ಕೈಗೆ ಬರುವ ಸಂಬಳದಲ್ಲಿ ಶೇ 25ರವರೆಗೆ ಹಿಡಿಯಲು ಕೇಂದ್ರದ ಕಾನೂನು ಬಿಡುತ್ತದೆ. ಟೆಕ್ಸಸ್, ಪೆನ್ಸಿಲ್ವೇನಿಯಾ, ನಾರ್ತ್ ಕೆರೊಲಿನಾದಂಥ ಕೆಲವು ರಾಜ್ಯಗಳು ಮಾತ್ರ ಇಂಥ ಬಾಕಿಗೆ ಸಂಬಳ ಮುಟ್ಟಲು ಸಾಮಾನ್ಯವಾಗಿ ಒಪ್ಪುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಹಣ ಕೊಡಬೇಕೆಂಬ ತೀರ್ಪು 10 ವರ್ಷ ಜೀವಂತ, ಮತ್ತೆ ನವೀಕರಿಸಲೂಬಹುದು. ಹಾಗಾಗಿ ಇವತ್ತಿನ ಬ್ಯಾಂಕ್ ಬ್ಯಾಲೆನ್ಸ್‌ಗಿಂತ ಮುಂದಿನ ಹತ್ತು ವರ್ಷದ ದುಡಿಮೆಗೆ ಜಾಸ್ತಿ ತೂಕ ಕೊಡಿ.

ಅಪಾಯ ಎಲ್ಲಿದೆ ನೋಡಿ

ಮನೆಯಲ್ಲಿ ಹದಿನಾರು, ಹದಿನೇಳರ ಮಗನೋ ಮಗಳೋ ಕಾರು ಓಡಿಸುತ್ತಿದ್ದರೆ ಮುಂದಕ್ಕೆ ಓದಬೇಕಿಲ್ಲ, ಅಂಬ್ರೆಲ್ಲಾ ತಗೊಳ್ಳಿ. ಈಜುಕೊಳ, ಟ್ರ್ಯಾಂಪೊಲಿನ್, ನಾಯಿ, ಬಾಡಿಗೆಗೆ ಕೊಟ್ಟ ಮನೆ ಆಮೇಲಿನ ಮಾತು. ಕ್ಯಾಲಿಫೋರ್ನಿಯಾದಲ್ಲಿ ನಾಯಿ ಕಚ್ಚಿದರೆ ‘ಹಿಂದೆ ಯಾರಿಗೂ ಕಚ್ಚಿರಲಿಲ್ಲ’ ಎಂಬ ಸಬೂಬು ನಡೆಯುವುದಿಲ್ಲ. ಇನ್ನೊಬ್ಬರ ಮಾನಹಾನಿ ಮಾಡಿದಿರಿ ಎಂಬ ದಾವೆಗೂ ಅನೇಕ ಅಂಬ್ರೆಲ್ಲಾ ಪಾಲಿಸಿಗಳು ನೆರವಾಗುತ್ತವೆ. ಬೇಕೆಂದೇ ಮಾಡಿದ ಕೃತ್ಯ, ವ್ಯಾಪಾರದ ವ್ಯವಹಾರ, ವೃತ್ತಿಯಲ್ಲಾದ ತಪ್ಪು ಇದರೊಳಗೆ ಬರುವುದಿಲ್ಲ.

ಬಾಡಿಗೆ ಮನೆ, ಸಣ್ಣ ಸಂಬಳ, ಉಳಿತಾಯವೇ ಇಲ್ಲ ಅನ್ನುವವರಿಗೆ ಇದು ಮೂಗಿಗಿಂತ ಮೂಗುತಿ ಭಾರ. ಅವರು ಮೊದಲು ಕಾರಿನ ಮಿತಿ ಏರಿಸಲಿ. ವಿಮೆ ಇಲ್ಲದವನು ಬಂದು ಗುದ್ದಿದರೆ ನಿಮಗೆ ದುಡ್ಡು ಸಿಗುವ ‘ಅನ್‌ಇನ್ಶೂರ್ಡ್ ಮೋಟರಿಸ್ಟ್’ ಕವರ್ ಅನ್ನೂ ಏರಿಸಲಿ. ಅದು ಅಂಬ್ರೆಲ್ಲಾದೊಳಗೆ ತಾನಾಗಿ ಸೇರಿರುವುದಿಲ್ಲ, ಕೆಲವು ಕಂಪನಿಗಳು ಹೆಚ್ಚಿನ ಹಣಕ್ಕೆ ಸೇರಿಸಿ ಕೊಡುತ್ತವೆ.

ಬೆಲೆ ಕೇಳುವಾಗ

ಮೊದಲ ಮಿಲಿಯನ್‌ಗೆ ಸಾಮಾನ್ಯವಾಗಿ ವರ್ಷಕ್ಕೆ ಕೆಲವು ನೂರು ಡಾಲರ್ ಆಗುತ್ತದೆ, ಎರಡನೆಯದು ಇನ್ನೂ ಅಗ್ಗ. ಆದರೆ ಕಾರು, ಮನೆಯ ಮಿತಿ ಏರಿಸಿದ್ದಕ್ಕೆ ಹೆಚ್ಚಾಗುವ ಪ್ರೀಮಿಯಂ ಕೂಡಿಸದೆ ಬೆಲೆ ಹೋಲಿಸಬೇಡಿ. ಕಾರಿನ ವಿಮೆಯೂ ತಮ್ಮಲ್ಲೇ ಇರಬೇಕು ಎನ್ನುವ ಕಂಪನಿಗಳು ಬಹಳ. ಆರ್‌ಎಲ್‌ಐ ತರಹದ ಕೆಲವು ಕಂಪನಿಗಳು ಅಂಬ್ರೆಲ್ಲಾ ಒಂದನ್ನೇ ಬೇರೆಯಾಗಿ ಮಾರುತ್ತವೆ.

ಅರ್ಜಿಯಲ್ಲಿ ಮನೆಯ ಎಲ್ಲ ಕಾರು, ಎಲ್ಲ ಚಾಲಕರ ಹೆಸರು ಬರೆಯಿರಿ. ಮಗಳಿಗೆ ಲೈಸೆನ್ಸ್ ಬಂದ ದಿನವೇ ಏಜೆಂಟ್‌ಗೆ ತಿಳಿಸಿ. ಕೆಳಗಿನ ಪಾಲಿಸಿಗಳ ಮಿತಿ ಎಷ್ಟಿರಬೇಕು ಎಂಬುದನ್ನು ಬಾಯಿಮಾತಿನಲ್ಲಿ ಬಿಡದೆ ಇಮೇಲ್‌ನಲ್ಲಿ ಬರೆಸಿಕೊಂಡು, ಪ್ರತಿ ರಿನ್ಯೂವಲ್‌ನಲ್ಲೂ ಡಿಕ್ಲರೇಷನ್ ಪೇಜ್ ಪಕ್ಕ ಇಟ್ಟು ತಾಳೆ ನೋಡಿ.