ಆಡ್ರಿ ಹೆಪ್‌ಬರ್ನ್ ಕಣ್ತಪ್ಪಿ ಹೋಗದ ಹಾಗೆ ನೋಡೋದು ಹೇಗೆ?

'ದಿ ಲ್ಯಾವೆಂಡರ್ ಹಿಲ್ ಮಾಬ್' ನೋಡಲು ಕೂರುವ ಮೊದಲು ಕಾಫಿ ಮಾಡಿಕೊಂಡುಬಿಡಿ. ಸಿನಿಮಾ ಶುರುವಾದ ಮೇಲೆ ಎದ್ದುಹೋದರೆ ಹಾಲಿವುಡ್ ತಾರೆ ಆಡ್ರಿ ಹೆಪ್‌ಬರ್ನ್ ಬಂದು ಹೋಗಿರುತ್ತಾಳೆ, ಅಷ್ಟೇ.

ಇದು 1951ರ ಬ್ರಿಟಿಷ್ ಕಾಮಿಡಿ, ಈಲಿಂಗ್ ಸ್ಟುಡಿಯೋದ್ದು, ಕಪ್ಪು-ಬಿಳುಪು. ಮೊದಲ ದೃಶ್ಯ ಬ್ರೆಜಿಲ್‌ನ ರಿಯೋದ ಒಂದು ರೆಸ್ಟೋರೆಂಟ್. ಸಿನಿಮಾದ ನಾಯಕ ಅಲೆಕ್ ಗಿನ್ನೆಸ್ ಧಾರಾಳಿ ಸಾಹುಕಾರನ ಹಾಗೆ ಬಂದವರಿಗೆಲ್ಲ ದುಡ್ಡು ಹಂಚುತ್ತಾ ಕೂತಿರುತ್ತಾನೆ. ಆಗ ಚಿಕೀಟಾ ಅಂತ ಒಬ್ಬ ಹುಡುಗಿ ಅವನ ಟೇಬಲ್ ಹತ್ತಿರ ಬರುತ್ತಾಳೆ, ನೋಟು ಇಸ್ಕೊಂಡು ಥ್ಯಾಂಕ್ಸ್ ಹೇಳಿ ಹೋಗುತ್ತಾಳೆ. ಅವಳೇ! ಪಾಜ್ ಮಾಡಿ, ಮತ್ತೆ ಹಿಂದಕ್ಕೆ ಹೋಗಿ ನೋಡಿ. ಎರಡೇ ವರ್ಷಕ್ಕೆ 'ರೋಮನ್ ಹಾಲಿಡೇ' ಬಂತು, ಆಸ್ಕರ್ ಕೂಡ ಸಿಕ್ಕಿತು.

ಅವಳು ಹೋದಳು ಅಂತ ಸಿನಿಮಾ ನಿಲ್ಲಿಸಬೇಡಿ. ನಿಜವಾದ ಮಜಾ ಶುರುವಾಗೋದೇ ಆಮೇಲೆ. ವರ್ಷಗಟ್ಟಲೆ ಚಿನ್ನದ ಗಟ್ಟಿ ಸಾಗಿಸುವ ಕೆಲಸದ ಮೇಲ್ವಿಚಾರಣೆ ನೋಡಿಕೊಂಡಿದ್ದ ಒಬ್ಬ ಸಾಧು ಗುಮಾಸ್ತ (ಅದೇ ಗಿನ್ನೆಸ್) ಅದನ್ನೇ ಕದ್ದು, ಕರಗಿಸಿ, ಪುಟಾಣಿ ಐಫೆಲ್ ಟವರ್ ಬೊಂಬೆ ಮಾಡಿ ಪ್ಯಾರಿಸ್‌ಗೆ ಸಾಗಿಸ್ತಾನೆ, ಅಲ್ಲಿ ಅವುಗಳಲ್ಲಿ ಆರು ಬೊಂಬೆ ಅಪ್ಪಿತಪ್ಪಿ ಇಂಗ್ಲಿಷ್ ಶಾಲೆಯ ಹುಡುಗಿಯರಿಗೆ ಮಾರಾಟ ಆಗಿಬಿಡುತ್ತವೆ. ಅವರನ್ನು ಹಿಡಿಯೋಕೆ ಗುಮಾಸ್ತ ಮತ್ತು ಅವನ ಜೊತೆಗಾರ, ಇಬ್ಬರು ನಡುವಯಸ್ಸಿನವರು, ನಿಜವಾದ ಐಫೆಲ್ ಟವರ್‌ನ ಸುರುಳಿ ಮೆಟ್ಟಿಲಲ್ಲಿ ಗರಗರ ಸುತ್ತುತ್ತಾ ಓಡೋದಿದೆಯಲ್ಲ, ನನಗೆ ಸೋಫಾದಲ್ಲಿ ಕೂತೇ ತಲೆ ತಿರುಗಿತ್ತು.

ಸಬ್‌ಟೈಟಲ್ ಹಾಕಿಕೊಳ್ಳಿ, ಮಾತು ಜಾಸ್ತಿ, ಸ್ಪೀಡೂ ಜಾಸ್ತಿ. ಕೊನೆಯಲ್ಲಿ ಮತ್ತೆ ಅದೇ ರೆಸ್ಟೋರೆಂಟ್ ಟೇಬಲ್ ಬರುತ್ತೆ. ಆಗ ಗಿನ್ನೆಸ್‌ನ ಕೈ ಮೇಲೆ ಒಂದು ಕಣ್ಣಿಡಿ.